150 ಮಿ.ಮೀ. ಎಫ್/8 ಡಾಬ್ಸೋನಿಯನ್ ದೂರದರ್ಶಕ: 200 ಪಟ್ಟಿಗೆ ನಕ್ಷತ್ರ ಚುಕ್ಕಿಯಾಗಿ ಕೂಡೂದಿಲ್ಲ, ಕನ್ನಡಿ ಉಜ್ಜಿಸಬೇಕೇನು?

ಗದಗ (ಪ್ರಶ್ನೆ)

150 ಮಿ.ಮೀ. ನ್ಯೂಟೋನಿಯನ್ (ಕನ್ನಡಿಯಿಂದ ಬೆಳಕು ಕೂಡಿಸೋ ದೂರದರ್ಶಕ), ನಾಭಿದೂರ 1200 ಮಿ.ಮೀ., ಅಂದ್ರ ಕನ್ನಡಿ ಅಗಲದ 8 ಪಟ್ಟು (ಎಫ್/8). ಕನ್ನಡಿ 25 ಮಿ.ಮೀ. ದಪ್ಪ, ಮೂರು ಕ್ಲಿಪ್ಪಿನ ಸೆಲ್ (ಕನ್ನಡಿ ಕೂರಿಸೋ ಚೌಕಟ್ಟು). 25 ಎಂಎಂ ಐಪೀಸಿನಾಗ (ಕಣ್ಣಿಟ್ಟು ನೋಡೋ ಮಸೂರ) ಎಲ್ಲಾ ಚಲೋ ಕಾಣತೈತಿ. 6 ಎಂಎಂ ಹಾಕಿದ್ರ (200 ಪಟ್ಟು) ನಕ್ಷತ್ರ ಕೂಡಿಸೋ ಗುರುತಿನಂಗ ನಾಕೂ ಕಡೆ ಕೈ ಚಾಚ್ತೈತಿ. ಐಪೀಸ್ ಹಿಡಿಯೋ ಫೋಕಸರ್ ಒಳಗ ಸರಿಸಿದ್ರ ಉದ್ದ ತತ್ತಿ, ಹೊರಗ ಎಳೆದ್ರ ಅಡ್ಡ ತತ್ತಿ. ಲೇಸರ್ ಹಾಕಿ ಕಾಲಿಮೇಷನ್ (ಕನ್ನಡಿಗಳನ್ನ ಒಂದೇ ಸಾಲಿಗೆ ಹೊಂದಿಸೋದು) ಮಾಡೇನಿ. ಮಾಳಿಗಿ ಮ್ಯಾಲಿಂದ ಧ್ರುವ ನಕ್ಷತ್ರ ನೋಡಿದ್ದು. ಕನ್ನಡಿನ ಕೆಟ್ಟೈತಿ, ಮತ್ತ ಉಜ್ಜಿಸ್ರಿ ಅಂತ ಒಬ್ಬರು ಹೇಳ್ಯಾರ. ಏನ್ ಮಾಡ್ಲಿ?

ಧಾರವಾಡ

ಉಜ್ಜಿಸಬ್ಯಾಡ್ರಿ ಸರ್. ತಪ್ಪು ಕನ್ನಡಿಯದೇ ಅಂತ ಇನ್ನೂ ಗೊತ್ತಾಗಿಲ್ಲ.

ನೀವು ಬರೆದದ್ದು ಅಸ್ಟಿಗ್ಮ್ಯಾಟಿಸಂನ ಲಕ್ಷಣ. ಉದ್ದಕ್ಕಿರುವ ಕಿರಣಗಳು ಒಂದು ಕಡೆ, ಅಡ್ಡಕ್ಕಿರುವ ಕಿರಣಗಳು ಇನ್ನೊಂದು ಕಡೆ ಕೂಡುತ್ತಿವೆ, ಅದಕ್ಕೇ ಫೋಕಸ್ ದಾಟಿದ ಕೂಡಲೇ ತತ್ತಿ 90 ಡಿಗ್ರಿ ತಿರುಗುತ್ತದೆ. ಕಾಲಿಮೇಷನ್ ತಪ್ಪಿದ್ದರೆ ನಕ್ಷತ್ರದ ಸುತ್ತಿನ ಬೆಳಕಿನ ಉಂಗುರಗಳು ಒಂದೇ ಬದಿಗೆ ಒತ್ತಿಕೊಂಡು ಬಾಲದಂತೆ ಕಾಣುತ್ತಿದ್ದವು. ಕ್ಲಿಪ್ ಬಿಗಿಯಾಗಿದ್ದರೆ ಹೆಚ್ಚಾಗಿ ಮುಕ್ಕೋನ ಬರುತ್ತದೆ.

ಮೊದಲು ಧ್ರುವ ನಕ್ಷತ್ರ ಬಿಡ್ರಿ. ಅದು ಅಲುಗಾಡುವುದಿಲ್ಲ ಅಂತ ಎಲ್ಲ ಕಡೆ ಅದನ್ನೇ ಹೇಳುತ್ತಾರೆ, ಆದರೆ ನಮ್ಮ ಭಾಗದಲ್ಲಿ ಅದು ದಿಗಂತದಿಂದ 15 ಡಿಗ್ರಿಯಷ್ಟೇ ಮೇಲಿರುತ್ತದೆ. ನೆತ್ತಿಯ ಮೇಲಿನದಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು ಗಾಳಿಯ ಮೂಲಕ ನೋಡಿದಂತಾಯಿತು. ಮೇಲಾಗಿ ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ ರಾತ್ರಿ ಹೊತ್ತು ಬಿಸಿ ಉಗುಳುತ್ತಿರುತ್ತದೆ. ಮಣ್ಣಿನ ಅಂಗಳ ಅಥವಾ ಹೊಲದ ಬದಿ ಉತ್ತಮ. ನೆತ್ತಿಗೆ ಹತ್ತಿರದ ನಕ್ಷತ್ರ ಹಿಡಿಯಿರಿ: ಜನವರಿಯಲ್ಲಿ ರೋಹಿಣಿ, ಏಪ್ರಿಲ್ ಕೊನೆಗೆ ಉತ್ತರಾ ಫಲ್ಗುಣಿ, ಎರಡೂ ರಾತ್ರಿ 9ರ ಸುಮಾರಿಗೆ ತಲೆಯ ಮೇಲೇ ಇರುತ್ತವೆ. ಸ್ಟ್ಯಾಂಡಿಗೆ ಮೋಟಾರ್ ಇಲ್ಲದಿದ್ದರೆ 200 ಪಟ್ಟಿನಲ್ಲಿ ನಕ್ಷತ್ರ ಸುಮಾರು ಒಂದು ನಿಮಿಷಕ್ಕೆ ನೋಟದಿಂದ ದಾಟಿಹೋಗುತ್ತದೆ. ಒಂದು ಅಂಚಿನಲ್ಲಿ ಇಟ್ಟು ನಡುವೆ ಬಂದಾಗ ನೋಡ್ರಿ. ಟ್ಯೂಬ್ ಹೊರಗಿಟ್ಟು ಕನಿಷ್ಠ ಒಂದು ತಾಸು ಆಗಿರಲಿ. ಕನ್ನಡಿ ಆರುತ್ತಿರುವಾಗ ಅಂಚು ಮೊದಲು ತಣ್ಣಗಾಗಿ ಆಕಾರವೇ ಬದಲಾಗುತ್ತದೆ, ಇಲ್ಲದ ದೋಷ ಇದ್ದಂತೆ ಕಾಣುತ್ತದೆ.

ಆಮೇಲೆ ಒಂದೊಂದನ್ನೇ ತಿರುಗಿಸ್ರಿ. ಫೋಕಸ್ ಸ್ವಲ್ಪ ತಪ್ಪಿಸಿ, ನಾಲ್ಕೈದು ಉಂಗುರ ಕಾಣುವಂತೆ ಇಟ್ಟುಕೊಂಡು ತಲೆ ಓರೆ ಮಾಡ್ರಿ. ತತ್ತಿಯೂ ತಲೆಯ ಜೊತೆ ಓರೆಯಾದರೆ ದೋಷ ನಿಮ್ಮ ಕಣ್ಣಿನದು. ಐಪೀಸ್ ತಿರುಗಿಸಿದಾಗ ತಿರುಗಿದರೆ ಐಪೀಸಿನದು. ಎರಡಕ್ಕೂ ಜಗ್ಗದಿದ್ದರೆ ಮುಖ್ಯ ಕನ್ನಡಿಯ ಅಂಚಿಗೆ ಮಾರ್ಕರ್‌ನಿಂದ ಗುರುತು ಹಾಕಿ, ಸೆಲ್ಲಿನೊಳಗೆ ಕನ್ನಡಿಯನ್ನಷ್ಟೇ 90 ಡಿಗ್ರಿ ತಿರುಗಿಸಿ ಕೂರಿಸ್ರಿ. ಮತ್ತೆ ಕಾಲಿಮೇಷನ್ ಮಾಡಿ, ಕೈಬಿಸಿ ಆರಲು ಅರ್ಧ ತಾಸು ಬಿಟ್ಟು ನೋಡ್ರಿ. ಫೋಕಸರ್ ಒಳಗೆ ಸರಿಸಿದಾಗಿನ ತತ್ತಿ ಉದ್ದ ಇದ್ದದ್ದು ಅಡ್ಡ ಆದರೆ ಗಾಜಿನದೇ ತಪ್ಪು. ಇದ್ದಂತೆಯೇ ಇದ್ದರೆ ಸೆಲ್ ಅಥವಾ ಸೆಕೆಂಡರಿ (ಬೆಳಕನ್ನು ಫೋಕಸರ್ ಕಡೆ ತಿರುಗಿಸುವ ಚಿಕ್ಕ ಕನ್ನಡಿ). ಇದೇ ಹೊತ್ತಿನಲ್ಲಿ ಕ್ಲಿಪ್ಪುಗಳನ್ನೂ ಸಡಿಲಿಸಿ ಬಿಡ್ರಿ. ಕ್ಲಿಪ್ಪಿಗೂ ಗಾಜಿಗೂ ನಡುವೆ ಲಗ್ನಪತ್ರಿಕೆಯ ದಪ್ಪದ ಕಾಗದ ಸಲೀಸಾಗಿ ಹೋಗಿ ಬರಬೇಕು. ಕ್ಲಿಪ್ ಇರುವುದು ಕನ್ನಡಿ ಬೀಳದಂತೆ ಕಾಯಲಿಕ್ಕೆ, ಹಿಡಿದು ಅಮುಕಲಿಕ್ಕಲ್ಲ.

ಹಾವೇರಿ

ಮಳೆಗಾಲದಾಗ ಆಕಾಶ ಸಿಗಂಗಿಲ್ಲ, ಅದಕ್ಕ ಹಗಲ ಮಾಡೋ ದಾರಿ ಹೇಳ್ತೇನ್ರಿ. ಗ್ಯಾರೇಜಿನಾಗ ಸಿಗೋ 10 ಮಿ.ಮೀ. ಬೇರಿಂಗ್ ಗುಂಡು ತಗೊಂಡು ಕರೇ ಬಟ್ಟಿ ಮ್ಯಾಲ ಅಂಟಿಸಿ ಬಿಸಿಲಿಗೆ ಇಡ್ರಿ. ಅದರಾಗ ಮೂಡೋ ಸೂರ್ಯನ ಬಿಂಬ 0.025 ಮಿ.ಮೀ.ಗಿಂತಲೂ ಸಣ್ಣದು, ಚೊಕ್ಕ ಕೃತಕ ನಕ್ಷತ್ರ. 30 ಮೀಟರ್ ದೂರ ಇರಲಿ. ನಾಭಿದೂರದ 20 ಪಟ್ಟಿಗಿಂತ ಹತ್ರ ಇಟ್ರ ಆ ಹತ್ರಾನ ಹೊಸಾ ದೋಷ ತಂದ್ಹಾಕತೈತಿ. 30 ಮೀಟರಿಗೆ ಫೋಕಸ್ 50 ಮಿ.ಮೀ. ಹೊರಗ ಬರತೈತಿ, ಎಕ್ಸ್‌ಟೆನ್ಷನ್ ಟ್ಯೂಬ್ ಇಲ್ದ ಮುಟ್ಟಂಗಿಲ್ಲ. ಮುಂಜಾನೆ 8ರ ಒಳಗ, ನೆಲ ಕಾಯೋಕಿಂತ ಮೊದಲ ಮಾಡ್ರಿ. ಸೂರ್ಯ ನಿಮ್ಮ ಬೆನ್ನಿಗೇ ಇರಬೇಕು. ಟ್ಯೂಬಿನ ಬಾಯಿ ತಪ್ಪಿನೂ ಸೂರ್ಯನ ಕಡೆ ಹೊರಳಬಾರದು, ಕಣ್ಣು ಹೋಗತೈತಿ.

ಗದಗ

ತಲಿ ಓರೆ ಮಾಡಿದ್ರೂ, ಐಪೀಸ್ ತಿರುಗಿಸಿದ್ರೂ ತತ್ತಿ ಹಂಗ ಐತಿ. ಕನ್ನಡಿ 90 ಡಿಗ್ರಿ ತಿರುಗಿಸಿ, ಕ್ಲಿಪ್ ಸಡಿಲ ಮಾಡಿ ನೋಡಿದೆ, ಆಗ್ಲೂ ಹಂಗ.

ಧಾರವಾಡ

ಹಾಗಾದರೆ ಗಾಜು ಬಚಾವಾಯಿತು. ಈಗ ಸೆಕೆಂಡರಿ ನೋಡೋಣ. ಫೋಕಸ್ ತಪ್ಪಿಸಿದ ನಕ್ಷತ್ರ ನೋಡುತ್ತಾ, ಟ್ಯೂಬಿನ ಬಾಯಿಯ ಬಳಿ ಫೋಕಸರ್ ಇರುವ ಬದಿಯಿಂದ ಒಂದು ಬೆರಳು ಒಳಚಾಚ್ರಿ. ಬೆಳಕಿನ ಬಿಲ್ಲೆಯಲ್ಲಿ ಬೆರಳಿನ ನೆರಳು ಮೂಡುತ್ತದೆ, ಅದು ಫೋಕಸರ್‌ನ ದಿಕ್ಕು. ತತ್ತಿಯ ಉದ್ದ ಆ ನೆರಳಿಗೆ ನೇರ ಅಥವಾ ಸರಿಯಾಗಿ ಅಡ್ಡ ಇದ್ದರೆ ಸಂಶಯ ಸೆಕೆಂಡರಿಯ ಮೇಲೆ. ಅದು 45 ಡಿಗ್ರಿ ಓರೆಯಾಗಿ ಕೂತ ಕನ್ನಡಿ. ಸಪಾಟು ಇರಬೇಕಾದದ್ದು ಚೂರು ಉಬ್ಬಿದರೂ ತಗ್ಗಿದರೂ ಆ ಓರೆಯಿಂದಾಗಿ ಅಸ್ಟಿಗ್ಮ್ಯಾಟಿಸಂ ಆಗೇ ಹೊರಬರುತ್ತದೆ. ಟ್ಯೂಬ್ ನೆತ್ತಿಯ ಕಡೆ ಇರುವಾಗಲೂ ಇದನ್ನು ನೋಡ್ರಿ. ಓರೆ ಇದ್ದಾಗ ಮಾತ್ರ ಕಂಡು ನೆತ್ತಿಯಲ್ಲಿ ಮಾಯವಾದರೆ ಕಾರಣ ಬೇರೆ, ಮುಖ್ಯ ಕನ್ನಡಿ ಸೆಲ್ಲಿನಲ್ಲಿ ಜೋಲುತ್ತಿದೆ.

ಗದಗ

ನೆರಳಿಗೆ ಸರಿಯಾಗಿ ನೇರ ಐತ್ರಿ, ನೆತ್ತಿಗಿಟ್ರೂ ಹೋಗಲಿಲ್ಲ. ಸೆಕೆಂಡರಿ ಬಿಚ್ಚಿದೆ, ಹಿಂದಿನ ಮೈಗೆಲ್ಲಾ ಸಿಲಿಕೋನ್ ಬಳಿದು ಅಲ್ಯುಮಿನಿಯಂ ಹೋಲ್ಡರಿಗೆ ಅಂಟಿಸ್ಯಾರ.

ಧಾರವಾಡ

ಸಿಕ್ಕಿತು ನೋಡ್ರಿ. ಸಿಲಿಕೋನ್ ಒಣಗುವಾಗ ಕುಗ್ಗುತ್ತದೆ, ಅಲ್ಯುಮಿನಿಯಂ ಗಾಜಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಇಡೀ ಮೈ ಅಂಟಿದ್ದರೆ ಗಾಜು ಆ ಎಳೆತಕ್ಕೆ ಬಾಗಲೇಬೇಕು. ಚಾಕು ತೂರಿಸಿ ಎಬ್ಬಿಸಬ್ಯಾಡ್ರಿ, ಅಂಚು ಚಕ್ಕೆ ಏಳುತ್ತದೆ. ಮೀನಿನ ಗಾಳದ ನೈಲಾನ್ ದಾರವನ್ನು ನಡುವೆ ತೂರಿಸಿ ಗರಗಸದಂತೆ ಆಡಿಸಿ ಕೊಯ್ಯಿರಿ. ಹಳೆಯದನ್ನು ಬೆರಳಿನಿಂದ ಉಜ್ಜಿ ತೆಗೆದು, ಕಡಲೆಕಾಳಿನ ಗಾತ್ರದ ಮೂರೇ ಮೂರು ಬೊಟ್ಟು ಸಿಲಿಕೋನ್ ಮುಕ್ಕೋನವಾಗಿ ಇಡ್ರಿ. ನಡುವೆ ಮೂರು ಬೆಂಕಿಕಡ್ಡಿ ಇಟ್ಟರೆ 2 ಮಿ.ಮೀ. ಸಂದು ಉಳಿಯುತ್ತದೆ; 48 ತಾಸಿನ ಮೇಲೆ ಕಡ್ಡಿ ಎಳೆದುಬಿಡ್ರಿ. ಹುಳಿ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲದ ಆವಿ ಕನ್ನಡಿಯ ಲೇಪಕ್ಕೆ ಒಳ್ಳೆಯದಲ್ಲ. ನ್ಯೂಟ್ರಲ್ ಅಂತ ಬರೆದದ್ದನ್ನೇ ಕೇಳಿ ತಗೊಳ್ರಿ.

ಗದಗ

ತತ್ತಿ ಹೋತ್ರಿ! ಎರಡೂ ಕಡೆ ಗುಂಡನ್ನ ಉಂಗುರ. ಆದ್ರ ಒಳಗ ಸರಿಸಿದಾಗ ಹೊರಗಿನ ಉಂಗುರ ಒಂದೀಟು ಹೆಚ್ಚು ಹೊಳಿತೈತಿ. ಕನ್ನಡಿನ ಫೂಕೋ ಟೆಸ್ಟರಿಗೂ (ಬ್ಲೇಡಿನಿಂದ ಬೆಳಕು ತಡೆದು ಕನ್ನಡಿ ಆಕಾರ ಅಳೆಯೋ ಸಾಧನ) ಇಟ್ಟೆ. ಬ್ಲೇಡಿನ ಜೊತಿಗೇ ಎಲ್‌ಇಡಿ ಸರಿಯೋ ನಮೂನಿ, ಡಯಲ್ ಗೇಜ್ 0.01 ಮಿ.ಮೀ. ನಡುವಿಂದ 22 ಮತ್ತ 69 ಮಿ.ಮೀ. ಕಿಂಡಿಗಳಿಂದ (ಕನ್ನಡಿ ಮುಂದಿನ ಮುಚ್ಚಳದಾಗಿನವು) ಬೆಳಕು ಕೂಡೋ ಜಾಗಗಳ ನಡುವ 0.62 ಮಿ.ಮೀ. ವ್ಯತ್ಯಾಸ ಬಂತು, ಐದು ಸಲದ ಸರಾಸರಿ. ಈಗರ ಉಜ್ಜಿಸ್ಲೇನು?

ಹುಬ್ಬಳ್ಳಿ

ಲೆಕ್ಕ ಹಾಕೋಣ. ನಿಮ್ಮ ಕನ್ನಡಿಯ ವಕ್ರತಾ ತ್ರಿಜ್ಯ 2400 ಮಿ.ಮೀ., ನಾಭಿದೂರದ ದುಪ್ಪಟ್ಟು. ಬೆಳಕು ಬ್ಲೇಡಿನ ಜೊತೆ ಸರಿಯುವ ಟೆಸ್ಟರಿನಲ್ಲಿ ಪರವಲಯಕ್ಕೆ (ಕನ್ನಡಿಗೆ ಇರಬೇಕಾದ ಆಕಾರ) ಬರಬೇಕಾದ ವ್ಯತ್ಯಾಸ: 69ರ ವರ್ಗದಲ್ಲಿ 22ರ ವರ್ಗ ಕಳೆದು 4800ರಿಂದ ಭಾಗಿಸಿದರೆ 0.89 ಮಿ.ಮೀ. ಬೆಳಕು ಒಂದೇ ಕಡೆ ನಿಂತಿರುವ ಟೆಸ್ಟರ್ ಆದರೆ ಇದರ ದುಪ್ಪಟ್ಟು, 1.78. ಈ ಎರಡನ್ನು ಅದಲುಬದಲು ಮಾಡಿ ಒಳ್ಳೆಯ ಕನ್ನಡಿಯನ್ನು ಕೆಡಿಸಿಬಿಡುವ ಅಪಾಯವಿದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ನಿಮಗೆ ಬಂದದ್ದು 0.62, ಅಂದರೆ ಗೋಳಾಕಾರದಿಂದ ಪರವಲಯಕ್ಕೆ ತರಲು ಬೇಕಾದ ತಿದ್ದುಪಡಿಯ ನೂರಕ್ಕೆ 70. ಉಳಿದ 30ರ ಗುರುತೇ ಆ ಹೊಳೆಯುವ ಹೊರ ಉಂಗುರ. ಆದರೆ 150 ಮಿ.ಮೀ. ಎಫ್/8ರಲ್ಲಿ ತಿದ್ದುಪಡಿಯೇ ಇಲ್ಲದ ಪೂರ್ತಿ ಗೋಳಾಕಾರದ ಕನ್ನಡಿಗೂ ಅಲೆಯ ದೋಷ ಸುಮಾರು ಕಾಲು ಅಲೆ (ಬೆಳಕಿನ ಅಲೆಯುದ್ದದ ಕಾಲು ಪಾಲು) ಅಷ್ಟೇ, ಚಿತ್ರ ಚೊಕ್ಕವಾಗಿರಲು ಭೌತವಿಜ್ಞಾನಿ ರೇಲಿ ಹೇಳಿದ ಮಿತಿಯ ಹತ್ತಿರ. ಅದರಲ್ಲಿ ನೂರಕ್ಕೆ 30 ಅಂದರೆ ಅಲೆಯ ಹನ್ನೆರಡನೇ ಒಂದು ಪಾಲು. ಗುರುವಿನ ಪಟ್ಟಿ ನೋಡಲು ಇದು ಎಲ್ಲಿಯೂ ಅಡ್ಡ ಬರುವುದಿಲ್ಲ. ಎಫ್/5 ಆಗಿದ್ದರೆ ಮಾತು ಬೇರೆ: ಅಲ್ಲಿ ಗೋಳಾಕಾರದ ದೋಷ ಒಂದು ಪೂರ್ತಿ ಅಲೆಗೂ ಮೀರುತ್ತದೆ, ನೂರಕ್ಕೆ 30 ಉಳಿದರೂ ಕಾಲು ಅಲೆ ದಾಟುತ್ತದೆ.

ಎರಡು ಕಿಂಡಿಯ ಅಳತೆ ಅಂಚಿನ ಸುದ್ದಿ ಹೇಳುವುದಿಲ್ಲ. ಅದಕ್ಕೆ ಮಿ.ಮೀ.ಗೆ 4 ಗೆರೆಯ ರೋಂಕಿ ಜಾಲರಿಯನ್ನು (ಸಮಾನಾಂತರ ಗೆರೆಗಳಿರುವ ಪಾರದರ್ಶಕ ತುಂಡು) ಐಪೀಸಿನ ಜಾಗದಲ್ಲಿ ಹಿಡಿದು ನಿಜವಾದ ನಕ್ಷತ್ರ ನೋಡ್ರಿ. ಗೆರೆಗಳು ನಿಮ್ಮಲ್ಲಿ ತುಸು ಬಾಗಿರಬಹುದು, ಅದು ಮೇಲೆ ಹೇಳಿದ 30ರ ಪಾಲು. ತುದಿಯಲ್ಲಿ ಮಾತ್ರ ಥಟ್ಟನೆ ಕುಡಗೋಲಿನಂತೆ ಕೊಕ್ಕೆಯಾದರೆ ಅಂಚು ಕೆಳಗೆ ಬಾಗಿದೆ. ಹಾಗಿದ್ದರೂ ಉಜ್ಜುವುದು ಬೇಡ: ಸುತ್ತ 3 ಮಿ.ಮೀ. ಮುಚ್ಚುವ ಕಪ್ಪು ಕಾಗದದ ಬಳೆಯನ್ನು ಗಾಜಿಗೆ ತಾಗದಂತೆ ಕ್ಲಿಪ್ಪುಗಳ ಮೇಲೆ ಕೂರಿಸ್ರಿ. ಬೆಳಕು ನೂರಕ್ಕೆ 8ರಷ್ಟು ಕಡಿಮೆಯಾಗುತ್ತದೆ, ಚಿತ್ರ ಚೊಕ್ಕವಾಗುತ್ತದೆ.