ಪೆನ್‌ಡ್ರೈವ್, ಡಿವಿಡಿ ಯಾವುದೂ ಇಲ್ಲದೆ ವಿಂಡೋಸ್ ಮರುಸ್ಥಾಪನೆ ಸಾಧ್ಯವೇ?

ತುಂಗಾತೀರ (ತೀರ್ಥಹಳ್ಳಿ ಕಡೆ)

ಮಾನ್ಯರೇ,

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ ಮುಂತಾದವುಗಳ ಡಿಟಿಪಿ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಎಲ್ಲ ಕೆಲಸವೂ ವಿಂಡೋಸ್ 10 ಇರುವ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ. ಅದರ ಬ್ಯಾಟರಿ ಹೋಗಿ ಬಹಳ ಕಾಲವಾಗಿರುವುದರಿಂದ ಕರೆಂಟ್ ಹೋದ ಕ್ಷಣವೇ ಯಂತ್ರವೂ ಆರಿಹೋಗುತ್ತದೆ. ಈ ಮಳೆಗಾಲದಲ್ಲಿ ದಿನಕ್ಕೆ ಎಷ್ಟೋ ಸಲ ಹೀಗೆ ಆಗಿ, ಈಗ ಸ್ಟಾರ್ಟ್ ಮೆನು ತೆರೆಯುವುದಿಲ್ಲ, ಸೆಟ್ಟಿಂಗ್ಸ್ ತೆರೆದು ತಾನಾಗಿ ಮುಚ್ಚಿಕೊಳ್ಳುತ್ತದೆ, ಕೆಲವೊಮ್ಮೆ ನೀಲಿ ಪರದೆ ಬರುತ್ತದೆ. ಡೆಸ್ಕ್‌ಟಾಪ್ ಮಾತ್ರ ನಿಧಾನವಾಗಿಯಾದರೂ ಬರುತ್ತಿದೆ.

ವಿಂಡೋಸ್ ಅನ್ನು ಹೊಸದಾಗಿ ಹಾಕಬೇಕೆಂದು ಪೇಟೆಯ ಅಂಗಡಿಯವರು ಹೇಳಿದರು. ತೊಂದರೆಯೆಂದರೆ, ಯುಎಸ್‌ಬಿ ಪೋರ್ಟುಗಳಲ್ಲಿ ಮೌಸ್ ನಡೆಯುತ್ತದೆಯೇ ಹೊರತು ಪೆನ್‌ಡ್ರೈವ್ ಗುರುತು ಸಿಗುವುದಿಲ್ಲ; ಡಿವಿಡಿ ಡ್ರೈವ್ ಡಿಸ್ಕನ್ನು ಓದುವುದನ್ನು ನಿಲ್ಲಿಸಿದೆ. ಇಂಟರ್‌ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್; ದಿನಕ್ಕೆ 2 ಜಿಬಿ ಮಿತಿ, ಅದೂ ಟವರ್‌ಗೆ ಕರೆಂಟ್ ಇದ್ದಾಗ. ಯಂತ್ರದಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟುಗಳಲ್ಲಿ ಮಾಡಿದ ಹಳೆಯ ಕಡತಗಳೂ ಪುಟವಿನ್ಯಾಸದ ಪೇಜ್‌ಮೇಕರ್ 7 ತಂತ್ರಾಂಶವೂ ಇವೆ. ಪೇಜ್‌ಮೇಕರಿನ ಸಿಡಿ ಈಗ ನನ್ನ ಬಳಿ ಇಲ್ಲ. ಸಿ ಮತ್ತು ಡಿ ಎಂದು ಎರಡು ಡ್ರೈವ್‌ಗಳಿವೆ, ಡಿ ಡ್ರೈವ್‌ನಲ್ಲಿ ಧಾರಾಳವಾಗಿ ಜಾಗವಿದೆ. ಹೊರಗಿನ ಯಾವ ಮಾಧ್ಯಮವೂ ಇಲ್ಲದೆ ಈ ಕೆಲಸ ಸಾಧ್ಯವೇ? ಸಾಧ್ಯವಾದರೆ ಪೇಜ್‌ಮೇಕರ್ ಉಳಿಯುತ್ತದೆಯೇ?

ಹೊಸನಗರದ ರಿಪೇರಿಯವ

ತುಂಗಾತೀರ ಅವರೇ, ಸಾಧ್ಯವಿದೆ. ಪೇಜ್‌ಮೇಕರ್ ಕೂಡ ಉಳಿಯಬಹುದು. ಆದರೆ ಯಾವ ದಾರಿ ಹಿಡಿಯುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಹೇಳುವುದು ‘ರೀಸೆಟ್ ದಿಸ್ ಪಿಸಿ’ ಎಂಬ ಸೌಲಭ್ಯವನ್ನು. ನಿಮ್ಮ ಸಂದರ್ಭದಲ್ಲಿ ಅದು ಕೊನೆಯ ಅಸ್ತ್ರವಾಗಿರಬೇಕು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿದರೂ ಉಳಿಯುವುದು ನಿಮ್ಮ ಕಡತಗಳೇ ಹೊರತು ನೀವು ಹಾಕಿಕೊಂಡ ತಂತ್ರಾಂಶಗಳಲ್ಲ. ಪೇಜ್‌ಮೇಕರ್ ಹೋಗುತ್ತದೆ, ನುಡಿ ಹೋಗುತ್ತದೆ, ವಿಂಡೋಸ್‌ನ ಫಾಂಟ್ಸ್ ಫೋಲ್ಡರಿಗೆ ಸೇರಿಸಿದ ಫಾಂಟುಗಳೂ ಹೋಗುತ್ತವೆ. ಆಮೇಲೆ ನಿಮ್ಮ ಹಳೆಯ ಲಗ್ನಪತ್ರಿಕೆ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಸಿಡಿ ಇಲ್ಲದೆ ಅದನ್ನು ಮತ್ತೆ ಸಕ್ರಮವಾಗಿ ಹಾಕಿಕೊಳ್ಳುವುದು ಸುಲಭವಲ್ಲ.

ನಿಮಗೆ ಹೊಂದುವುದು ಇರುವ ವಿಂಡೋಸ್‌ನ ಮೇಲೆಯೇ ಅದೇ ವಿಂಡೋಸ್ ಅನ್ನು ಮತ್ತೆ ಕೂರಿಸುವ ಕ್ರಮ. ಡೆಸ್ಕ್‌ಟಾಪ್ ಬರುತ್ತಿದೆ ಎಂದಿರಿ, ಅಷ್ಟು ಸಾಕು. ವಿಂಡೋಸ್ 10ರ ಐಎಸ್‌ಒ ಕಡತವನ್ನು (ಇಡೀ ಡಿವಿಡಿಯನ್ನು ಒಂದೇ ಕಡತವಾಗಿಸಿದ ರೂಪ) ಡಿ ಡ್ರೈವ್‌ಗೆ ತಂದು ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅದು ಡಿವಿಡಿಯೊಂದನ್ನು ಹಾಕಿದಂತೆ ಹೊಸ ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ಅದರೊಳಗಿನ ‘ಸೆಟಪ್’ ಅನ್ನು ಓಡಿಸಿ, ಏನನ್ನು ಉಳಿಸಿಕೊಳ್ಳಬೇಕೆಂದು ಕೇಳುವ ಪುಟದಲ್ಲಿ ‘ಕೀಪ್ ಪರ್ಸನಲ್ ಫೈಲ್ಸ್ ಆಂಡ್ ಆಪ್ಸ್’ ಎಂಬುದನ್ನು ಆರಿಸಬೇಕು. ಈ ಆಯ್ಕೆ ಮಸುಕಾಗಿ ಕಂಡರೆ ಮುಂದುವರಿಯಬೇಡಿ, ಅಲ್ಲಿಗೇ ರದ್ದು ಮಾಡಿ. ಅದು ಮಸುಕಾಗುವುದಕ್ಕೆ ಸಾಮಾನ್ಯ ಕಾರಣ ಭಾಷೆಯ ವ್ಯತ್ಯಾಸ. ನಮ್ಮಲ್ಲಿ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಅಮೆರಿಕದ ಇಂಗ್ಲಿಷ್, ಕೆಲವಕ್ಕೆ ‘ಇಂಗ್ಲಿಷ್ ಇಂಟರ್‌ನ್ಯಾಷನಲ್’ ಹಾಕಿರುತ್ತಾರೆ. ಒಂದರ ಮೇಲೆ ಇನ್ನೊಂದನ್ನು ಕೂರಿಸ ಹೊರಟರೆ ತಂತ್ರಾಂಶಗಳನ್ನು ಉಳಿಸುವ ಆಯ್ಕೆ ಸಿಗುವುದಿಲ್ಲ. ನಿಮ್ಮದು ಯಾವುದೆಂದು ತಿಳಿಯಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಿಐಎಸ್‌ಎಂ /ಆನ್‌ಲೈನ್ /ಗೆಟ್-ಇಂಟ್‌ಲ್’ ಎಂಬುದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸಿಸ್ಟಮ್‌ನ ಭಾಷೆ ‘ಇಎನ್-ಯುಎಸ್’ ಎಂದಿದ್ದರೆ ಅಮೆರಿಕದ್ದು, ‘ಇಎನ್-ಜಿಬಿ’ ಎಂದಿದ್ದರೆ ಇಂಟರ್‌ನ್ಯಾಷನಲ್.

ಐಎಸ್‌ಒ ಕಡತ ಸುಮಾರು 6 ಜಿಬಿ ಇರುತ್ತದೆ, ನಿಮ್ಮ ದಿನದ ಮಿತಿಗೆ ಅದು ಸಿಗದು. ಬ್ರಾಡ್‌ಬ್ಯಾಂಡ್ ಇರುವ ಪರಿಚಯದವರ ಮನೆಯಲ್ಲಿ ಕುಳಿತು ಮೊಬೈಲಿಗೇ ಇಳಿಸಿಕೊಳ್ಳಿ. ಮೈಕ್ರೋಸಾಫ್ಟ್‌ನ ಡೌನ್‌ಲೋಡ್ ಪುಟವು ವಿಂಡೋಸ್ ಯಂತ್ರದಿಂದ ನೋಡಿದರೆ ಮೀಡಿಯಾ ಕ್ರಿಯೇಷನ್ ಟೂಲ್ ಎಂಬ ಸಹಾಯಕ ತಂತ್ರಾಂಶವನ್ನು ಮುಂದಿಡುತ್ತದೆ, ಫೋನಿನ ಬ್ರೌಸರಿನಿಂದ ನೋಡಿದರೆ ನೇರವಾಗಿ ಐಎಸ್‌ಒ ಕೊಡುತ್ತದೆ. ಫೋನಿನ ಒಳಗಿನ ಸಂಗ್ರಹದಲ್ಲೇ ಇಟ್ಟುಕೊಳ್ಳಿ; ಮೆಮೊರಿ ಕಾರ್ಡ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್ ಮಾದರಿಯದಾಗಿದ್ದರೆ 4 ಜಿಬಿ ಮೀರಿದ ಕಡತ ಅದರಲ್ಲಿ ಹಿಡಿಯುವುದಿಲ್ಲ. ಬಳಿಕ ಫೋನಿನಿಂದ ಲ್ಯಾಪ್‌ಟಾಪಿಗೆ ವೈಫೈ ಮೂಲಕ ಕಳಿಸಿದರೆ ಡೇಟಾ ಖರ್ಚಾಗುವುದಿಲ್ಲ, ಯುಎಸ್‌ಬಿಯ ಹಂಗೂ ಇಲ್ಲ.

ಇನ್ನು ಕರೆಂಟಿನ ವಿಷಯ. ಈ ಕೆಲಸಕ್ಕೆ ಒಂದೆರಡು ಗಂಟೆ ಬೇಕು, ಹಳೆಯ ಹಾರ್ಡ್‌ಡಿಸ್ಕ್ ಆದರೆ ಇನ್ನೂ ಹೆಚ್ಚು. ಬ್ಯಾಟರಿ ಇಲ್ಲದ ಯಂತ್ರವನ್ನು ಮಳೆಗಾಲದ ತೀರ್ಥಹಳ್ಳಿಯಲ್ಲಿ ಗೋಡೆಯ ಪ್ಲಗ್ಗನ್ನು ನಂಬಿ ಇದಕ್ಕೆ ಒಡ್ಡಬೇಡಿ. ಇನ್ವರ್ಟರ್ ಇರುವ ಮನೆಯಲ್ಲಿ ಕುಳಿತೇ ಆರಂಭಿಸಿ, ಅದರ ಬ್ಯಾಟರಿಯೂ ತುಂಬಿರಲಿ.

ಶರಾವತಿ ಹಿನ್ನೀರು (ಸಾಗರ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಬೇಕಿತ್ತು. ನಿಧಾನ, ನೀಲಿ ಪರದೆ, ತಾನಾಗಿ ಮುಚ್ಚಿಕೊಳ್ಳುವುದು ಇವೆಲ್ಲ ವಿಂಡೋಸ್ ಕೆಟ್ಟಾಗಲೂ ಬರುತ್ತವೆ, ಹಾರ್ಡ್‌ಡಿಸ್ಕ್ ಸಾಯುತ್ತಿರುವಾಗಲೂ ಬರುತ್ತವೆ. ಪದೇಪದೇ ಕರೆಂಟ್ ಹೋದ ಯಂತ್ರದಲ್ಲಿ ಎರಡನೆಯದನ್ನೇ ನಾನು ಮೊದಲು ಶಂಕಿಸುತ್ತೇನೆ. ಡಿಸ್ಕೇ ಹೋಗಿದ್ದರೆ 6 ಜಿಬಿ ಕಡತವನ್ನು ಅದಕ್ಕೆ ತುಂಬಿ, ಅದರ ಮೇಲೆ ಗಂಟೆಗಟ್ಟಲೆ ಬರೆಯಿಸುವುದು ನೀವೇ ಅದರ ಕತೆ ಮುಗಿಸಿದಂತೆ.

ಪರೀಕ್ಷೆ ಸುಲಭ. ಈವೆಂಟ್ ವ್ಯೂವರ್ ತೆರೆದು ‘ವಿಂಡೋಸ್ ಲಾಗ್ಸ್’ ಅಡಿಯ ‘ಸಿಸ್ಟಮ್’ ಪಟ್ಟಿಯಲ್ಲಿ ಮೂಲ ‘ಡಿಸ್ಕ್’, ಈವೆಂಟ್ ಸಂಖ್ಯೆ 7 ಎಂದು ಏನಾದರೂ ಇದೆಯೇ ನೋಡಿ. ಡಿಸ್ಕ್‌ನಲ್ಲಿ ಓದಲಾಗದ ಭಾಗವಿದೆ ಎಂಬುದಕ್ಕೆ ಅದು ಗುರುತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಕೆಲವೇ ಎಂಬಿಯದು, ಅದು ಡಿಸ್ಕಿನ ಆರೋಗ್ಯವನ್ನು ಬಣ್ಣದಲ್ಲೇ ತೋರಿಸುತ್ತದೆ. ಹಳದಿ ಅಥವಾ ಕೆಂಪು ಬಂದರೆ ಮರುಸ್ಥಾಪನೆಯ ಮಾತೇ ಬೇಡ, ಕಡತಗಳನ್ನು ಹೊರಗೆ ಸಾಗಿಸುವ ಕೆಲಸ ಮೊದಲು. ಯಾರಾದರೂ ಚೆಕ್‌ಡಿಸ್ಕ್ (ಡಿಸ್ಕಿನ ದೋಷ ಹುಡುಕುವ ವಿಂಡೋಸ್‌ನ ಸಾಧನ) ಅನ್ನು ‘/ಆರ್’ ಸೇರಿಸಿ ಓಡಿಸಲು ಹೇಳಿದರೆ ನಕಲು ಮುಗಿಯುವವರೆಗೆ ಕೇಳಬೇಡಿ. ಅದು ಇಡೀ ಡಿಸ್ಕನ್ನು ಓದುತ್ತದೆ, ಸೋತ ಡಿಸ್ಕಿಗೆ ಆ ದುಡಿಮೆ ತಡೆಯದು.

ಡಿ ಡ್ರೈವ್ ಇದೆ ಎಂದು ನಿಶ್ಚಿಂತರಾಗಿರಬೇಡಿ. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳಾಗಿರುವ ಸಾಧ್ಯತೆಯೇ ಹೆಚ್ಚು, ಡಿಸ್ಕ್ ಹೋದರೆ ಎರಡೂ ಒಟ್ಟಿಗೆ ಹೋಗುತ್ತವೆ.

ತುಂಗಾತೀರ (ತೀರ್ಥಹಳ್ಳಿ ಕಡೆ)

ಇಬ್ಬರಿಗೂ ಧನ್ಯವಾದಗಳು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ನೀಲಿ ಬಣ್ಣದಲ್ಲಿ ‘ಗುಡ್’ ಎಂದು ತೋರಿಸುತ್ತಿದೆ, ಈವೆಂಟ್ 7 ಎಲ್ಲಿಯೂ ಇಲ್ಲ. ಭಾಷೆ ‘ಇಎನ್-ಜಿಬಿ’ ಎಂದು ಬಂತು. ಐಎಸ್‌ಒ ತರಲು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಆದರೆ ಒಂದು ಅಳುಕು ಉಳಿದಿದೆ. ಅಷ್ಟರೊಳಗೆ ಡೆಸ್ಕ್‌ಟಾಪ್ ಬರುವುದೂ ನಿಂತುಹೋದರೆ ಡಿ ಡ್ರೈವ್‌ನಲ್ಲಿರುವ ಐಎಸ್‌ಒ ಇದ್ದೂ ಇಲ್ಲದಂತಾಗುವುದಿಲ್ಲವೇ? ಸಿ ಡ್ರೈವ್‌ನ ಡೆಸ್ಕ್‌ಟಾಪ್ ಮೇಲೆ ಸಂಘದ ಈ ವರ್ಷದ ವರದಿ ಇದೆ, ಅದನ್ನಾದರೂ ಹೇಗೆ ತೆಗೆಯುವುದು?

ಹೊಸನಗರದ ರಿಪೇರಿಯವ

ವರದಿಯನ್ನು ಇವತ್ತೇ ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ, ಫಾಂಟ್ಸ್ ಫೋಲ್ಡರನ್ನೂ ಡಿಗೆ ನಕಲು ಮಾಡಿಡಿ. ಉಳಿದದ್ದು ಆಮೇಲೆ.

ಡೆಸ್ಕ್‌ಟಾಪ್ ಬರದೇ ಹೋದರೂ ಯಂತ್ರದೊಳಗೆ ಇನ್ನೊಂದು ಪುಟ್ಟ ವಿಂಡೋಸ್ ಇರುತ್ತದೆ. ಅದಕ್ಕೆ ರಿಕವರಿ ಎನ್‌ವಿರಾನ್‌ಮೆಂಟ್ ಎನ್ನುತ್ತಾರೆ, ಸಾಮಾನ್ಯವಾಗಿ ಡಿಸ್ಕಿನಲ್ಲಿ ಅಕ್ಷರವಿಲ್ಲದ ಪ್ರತ್ಯೇಕ ಭಾಗದಲ್ಲಿ ಅಡಗಿರುತ್ತದೆ. ಲಾಗಿನ್ ಪರದೆಯವರೆಗೆ ಬಂದರೆ ಶಿಫ್ಟ್ ಕೀಲಿ ಒತ್ತಿ ಹಿಡಿದು ‘ರೀಸ್ಟಾರ್ಟ್’ ಒತ್ತಿದಾಗ ಅದು ತೆರೆಯುತ್ತದೆ. ಅಷ್ಟೂ ಬಾರದಿದ್ದರೆ ಬೂಟ್ ಸತತವಾಗಿ ವಿಫಲವಾದ ಮೇಲೆ ತಾನಾಗಿ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್‌ಡ್ ಆಪ್ಷನ್ಸ್’, ‘ಕಮಾಂಡ್ ಪ್ರಾಂಪ್ಟ್’ ಎಂದು ಹೋಗಿ ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡಿನ ಫೈಲ್ ಮೆನುವಿನಿಂದ ‘ಓಪನ್’ ತೆರೆದು, ಕೆಳಗಿನ ಪಟ್ಟಿಯಲ್ಲಿ ‘ಟೆಕ್ಸ್ಟ್’ ಬದಲು ‘ಆಲ್ ಫೈಲ್ಸ್’ ಆರಿಸಿದರೆ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಆ ಪುಟ್ಟ ಕಿಟಕಿಯಲ್ಲೇ ಕಡತದ ಮೇಲೆ ಬಲಗಡೆ ಕ್ಲಿಕ್ ಮಾಡಿ ‘ಕಾಪಿ’, ಡಿ ಡ್ರೈವ್‌ಗೆ ಹೋಗಿ ‘ಪೇಸ್ಟ್’. ದೊಡ್ಡ ಫೋಲ್ಡರ್ ಆದರೆ ನಕಲು ಎಲ್ಲಿಗೆ ಬಂತು ಎಂಬ ಸೂಚನೆ ಕಾಣದೇ ಇರಬಹುದು, ಮುಗಿಯಿತೆಂದುಕೊಂಡು ಆರಿಸಿಬಿಡಬೇಡಿ. ಇನ್ನೊಂದು ಎಚ್ಚರಿಕೆ: ಅಲ್ಲಿ ಡ್ರೈವ್‌ಗಳ ಅಕ್ಷರ ಅದಲುಬದಲಾಗಿರುವುದುಂಟು. ನಿಮ್ಮ ಸಿ ಅಲ್ಲಿ ಡಿ ಆಗಿ ಕಾಣಬಹುದು, ಆದ್ದರಿಂದ ಅಕ್ಷರ ನೋಡಿ ಅಲ್ಲ, ಒಳಗಿನ ಫೋಲ್ಡರ್‌ಗಳನ್ನು ನೋಡಿ ಗುರುತಿಸಿ. ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಡಿಸ್ಕನ್ನು ಓದಲಾಗದಂತೆ ಬೀಗ ಹಾಕುವ ಸೌಲಭ್ಯ ಆನ್ ಆಗಿದ್ದರೆ ಬಿಟ್‌ಲಾಕರಿನ 48 ಅಂಕಿಗಳ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ.

ಕಡತಗಳು ಸುರಕ್ಷಿತವಾದ ಮೇಲೆ ಅಲ್ಲಿಂದಲೇ ರೀಸೆಟ್ ಮಾಡಬಹುದು. ‘ಕ್ಲೌಡ್ ಡೌನ್‌ಲೋಡ್’ ಎಂಬುದು ಸುಮಾರು 4 ಜಿಬಿ ಎಳೆಯುತ್ತದೆ, ನಿಮಗೆ ಆಗದು. ‘ಲೋಕಲ್ ರೀಇನ್‌ಸ್ಟಾಲ್’ ಡೇಟಾ ಕೇಳುವುದಿಲ್ಲ. ಡಿಸ್ಕ್‌ನಲ್ಲೇ ಇರುವ ವಿಂಡೋಸ್ ಕಡತಗಳಿಂದ ಹೊಸದನ್ನು ಕಟ್ಟುತ್ತದೆ. ಆ ಕಡತಗಳೇ ಕೆಟ್ಟಿದ್ದರೆ ರೀಸೆಟ್ ಆಗಲಿಲ್ಲ, ಏನನ್ನೂ ಬದಲಿಸಿಲ್ಲ ಎಂದು ಹೇಳಿ ನಿಲ್ಲುತ್ತದೆ. ಎಲ್ಲ ಅಳಿಸುವ ಆಯ್ಕೆಗೆ ಹೋಗುವುದಾದರೆ ‘ವಿಂಡೋಸ್ ಇರುವ ಡ್ರೈವ್ ಮಾತ್ರ’ ಎಂಬುದನ್ನೇ ಒತ್ತಿ. ‘ಎಲ್ಲ ಡ್ರೈವ್‌ಗಳು’ ಎಂದರೆ ಡಿ ಕೂಡ ಹೋಗುತ್ತದೆ. ಲ್ಯಾಪ್‌ಟಾಪ್ ಕಂಪನಿಯವರ ಸ್ವಂತ ರಿಕವರಿ, ಅಂದರೆ ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಮತ್ತು ಎಫ್10, ಲೆನೊವೊದಲ್ಲಿ ನೋವೊ ಗುಂಡಿಯಿಂದ ಬರುವಂಥದ್ದು, ಕೆಲವು ಮಾದರಿಗಳಲ್ಲಿ ಇಡೀ ಡಿಸ್ಕನ್ನೇ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಒಯ್ಯುತ್ತದೆ. ಪರದೆಯ ಮೇಲಿನ ಪ್ರತಿ ಸಾಲನ್ನೂ ಓದದೆ ಅಲ್ಲಿ ಮುಂದಕ್ಕೆ ಹೋಗಬೇಡಿ.

ಲೈಸೆನ್ಸ್‌ಗೆ ಹೆದರಬೇಕಾಗಿಲ್ಲ. ಅದು ಯಂತ್ರಕ್ಕೆ ಅಂಟಿಕೊಂಡಿರುವ ಡಿಜಿಟಲ್ ಲೈಸೆನ್ಸ್ ಆಗಿದ್ದರೆ ಇಂಟರ್‌ನೆಟ್ ಸಿಕ್ಕಾಗ ತಾನಾಗಿ ಸಕ್ರಿಯವಾಗುತ್ತದೆ.

ದುರ್ಗಿಗುಡಿ (ಶಿವಮೊಗ್ಗ)

ಎಲ್ಲರೂ ವಿಂಡೋಸ್ 10 ಅನ್ನೇ ಮತ್ತೆ ಹಾಕುವ ಮಾತಾಡುತ್ತಿದ್ದೀರಿ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಷ್ಟೆಲ್ಲ ಶ್ರಮ ಪಡುವ ಬದಲು ವಿಂಡೋಸ್‌ನ ಜಾಗದಲ್ಲಿ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ ಹಾಕಬಾರದೇಕೆ? ಅದನ್ನೂ ಪೆನ್‌ಡ್ರೈವ್ ಇಲ್ಲದೆ ಹಾಕಬಹುದು. ಡಿ ಡ್ರೈವನ್ನು ಸ್ವಲ್ಪ ಕುಗ್ಗಿಸಿ, ಒಂದು 8 ಜಿಬಿಯ ಫ್ಯಾಟ್32 ಭಾಗ ಮಾಡಿ, ಲಿನಕ್ಸ್ ಐಎಸ್‌ಒ ಒಳಗಿನ ಎಲ್ಲವನ್ನೂ ಅದಕ್ಕೆ ನಕಲು ಮಾಡಿದರೆ, ಯುಇಎಫ್‌ಐ (ಯಂತ್ರವನ್ನು ಬೂಟ್ ಮಾಡಿಸುವ ಹೊಸ ಬಗೆಯ ಒಳತಂತ್ರಾಂಶ) ಇರುವ ಎಷ್ಟೋ ಯಂತ್ರಗಳಲ್ಲಿ ಬೂಟ್ ಮೆನುವಿನಿಂದಲೇ ಆ ಭಾಗವನ್ನು ಆರಿಸಿ ಹೊರಡಬಹುದು. ಕಡತಗಳು ಕುಳಿತ ಭಾಗವನ್ನೇ ಫಾರ್ಮ್ಯಾಟ್ ಮಾಡ ಹೊರಟರೆ ಕುಳಿತ ಕೊಂಬೆಯನ್ನೇ ಕಡಿದಂತೆ, ಇನ್‌ಸ್ಟಾಲರ್ ಒಪ್ಪುವುದಿಲ್ಲ. ಉಬುಂಟು, ಮಿಂಟ್ ಮಾದರಿಯ ಲಿನಕ್ಸ್‌ಗಳಲ್ಲಿ ಬೂಟ್ ಆಗುವಾಗಿನ ಆಜ್ಞೆಯ ಸಾಲಿಗೆ ‘ಟುರ್‍ಯಾಮ್’ ಎಂಬ ಒಂದು ಪದ ಸೇರಿಸಿದರೆ ಎಲ್ಲವೂ ರ‍್ಯಾಮ್‌ಗೆ ಏರಿ ಡಿಸ್ಕ್ ಬಿಡುವಾಗುತ್ತದೆ. ಅದಕ್ಕೆ 8 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು.

ಶರಾವತಿ ಹಿನ್ನೀರು (ಸಾಗರ)

ದುರ್ಗಿಗುಡಿ ಅವರೇ, ಉಪಾಯ ಒಳ್ಳೆಯದು, ನಾನೂ ಮನೆಯಲ್ಲಿ ಲಿನಕ್ಸನ್ನೇ ಬಳಸುವವನು. ಆದರೆ ಪ್ರಶ್ನೆ ಕೇಳಿದವರ ಹೊಟ್ಟೆಪಾಡು ಪೇಜ್‌ಮೇಕರ್ ಮತ್ತು ನುಡಿಯ ಮೇಲೆ ನಿಂತಿದೆ. ಲಿನಕ್ಸ್‌ನಲ್ಲಿ ಯೂನಿಕೋಡ್ ಎಂಬ ಪ್ರಮಾಣಿತ ಅಕ್ಷರಸಂಕೇತದ ಕನ್ನಡ ಚೆನ್ನಾಗಿ ನಡೆಯುತ್ತದೆ, ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯೂ ಸಿಗುತ್ತದೆ. ಪೇಜ್‌ಮೇಕರ್ ಅಲ್ಲಿ ನೇರವಾಗಿ ನಡೆಯುವುದಿಲ್ಲ. ಹಳೆಯ ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ ಪುಟಗಳನ್ನು ಮತ್ತೆ ಕಟ್ಟುವಷ್ಟು ಬಿಡುವು ಮದುವೆಯ ಹಂಗಾಮು ಮುಗಿದ ಮೇಲೆ ಸಿಕ್ಕರೆ ಸಿಗಬಹುದು. ಬೆಂಬಲ ಮುಗಿದಿರುವುದು ನಿಜವಾದ್ದರಿಂದ, ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡದೆ ಡಿಟಿಪಿಗೆ ಮಾತ್ರ ಇಟ್ಟುಕೊಳ್ಳುವುದು ಒಳಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದಲ್ಲಿರಬೇಕು, ಪ್ರೊಸೆಸರ್ ಇಂಟೆಲ್‌ನದಾದರೆ ಬಹುತೇಕ 8ನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ತುಂಗಾತೀರ ಅವರು ತಮ್ಮ ಪ್ರೊಸೆಸರ್ ಯಾವುದೆಂದು ತಿಳಿಸಿದರೆ ಅದರ ಬಗ್ಗೆ ಹೇಳಬಹುದು.

ತುಂಗಾತೀರ (ತೀರ್ಥಹಳ್ಳಿ ಕಡೆ)

ಪ್ರೊಸೆಸರ್ ಐ3, 5ನೇ ತಲೆಮಾರಿನದು. ಹಾಗಾಗಿ 11ರ ಆಸೆ ಬಿಟ್ಟೆ. ಇನ್ವರ್ಟರ್ ಇರುವ ಬಂಧುಗಳ ಮನೆಯಲ್ಲಿ ಕುಳಿತು, ಇಂಟರ್‌ನ್ಯಾಷನಲ್ ಐಎಸ್‌ಒ ತೆರೆದು ಸೆಟಪ್ ಓಡಿಸಿದೆ. ಕಡತ ಮತ್ತು ತಂತ್ರಾಂಶ ಉಳಿಸುವ ಆಯ್ಕೆ ಮಸುಕಾಗದೆ ಸಿಕ್ಕಿತು. ಸ್ಟಾರ್ಟ್ ಮೆನು ಮತ್ತೆ ತೆರೆಯುತ್ತಿದೆ, ಪೇಜ್‌ಮೇಕರಿನಲ್ಲಿ ಸಂಘದ ವರದಿ ಮೊದಲಿದ್ದಂತೆಯೇ ಕನ್ನಡದಲ್ಲಿ ಕಾಣುತ್ತಿದೆ. ಸಿ ಡ್ರೈವ್‌ನಲ್ಲಿ ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಹೊಸದಾಗಿ ಕಾಣಿಸಿಕೊಂಡು ಬಹಳ ಜಾಗ ಹಿಡಿದಿದೆ. ಅಳಿಸಬಹುದೇ?

ಹೊಸನಗರದ ರಿಪೇರಿಯವ

ಹಿಂದಿನ ಸ್ಥಿತಿಗೆ ಮರಳಬೇಕಾದರೆ ಬೇಕಾಗುವುದೇ ಆ ಫೋಲ್ಡರ್. ಪ್ರಿಂಟರ್, ಸ್ಕ್ಯಾನರ್ ಎಲ್ಲ ನಡೆಯುತ್ತವೆಯೇ ಎಂದು ನೋಡುವವರೆಗೆ ಇರಲಿ. ಹತ್ತು ದಿನ ಕಳೆದ ಮೇಲೆ ವಿಂಡೋಸ್ ತಾನಾಗಿಯೇ ಅದನ್ನು ತೆಗೆದುಹಾಕುತ್ತದೆ. ಅಷ್ಟರೊಳಗೆ ಜಾಗ ಬೇಕೇ ಬೇಕೆಂದಾದರೆ ‘ಡಿಸ್ಕ್ ಕ್ಲೀನಪ್’ನಲ್ಲಿ ‘ಕ್ಲೀನಪ್ ಸಿಸ್ಟಮ್ ಫೈಲ್ಸ್’ ಒತ್ತಿ, ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್ಸ್’ ಎಂಬುದಕ್ಕೆ ಗುರುತು ಹಾಕಿ ಅಳಿಸಿ. ಡಿ ಡ್ರೈವ್‌ನಲ್ಲಿರುವ ಐಎಸ್‌ಒ ಮಾತ್ರ ಅಳಿಸಬೇಡಿ, ಮತ್ತು ಮುಂದಿನ ಮಳೆಗಾಲದೊಳಗೆ ಒಂದು ಬ್ಯಾಟರಿ ಹಾಕಿಸಿ.