ಸಹಾಯ ಬೇಕು: ತಮ್ಮನ ಉತ್ಸಾಹ ನೋಡಿ ಭಯವಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ತಮ್ಮನಿಗೆ 24 ವರ್ಷ. ದೀಪಾವಳಿ ಆದಮೇಲೆ ಪೂರ್ತಿ ಮಂಕಾಗಿದ್ದ. ಊಟ ಬೇಡ, ಮಾತು ಬೇಡ, ಮಧ್ಯಾಹ್ನವಾದರೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಡಾಕ್ಟರ್ ಖಿನ್ನತೆ ಎಂದು ಮಾತ್ರೆ ಕೊಟ್ಟರು. ನಿಧಾನಕ್ಕೆ ಚೇತರಿಸಿಕೊಂಡ.

ಈಗ 10 ದಿನದಿಂದ ಎಲ್ಲಾ ಉಲ್ಟಾ. ರಾತ್ರಿ ಎರಡು ಮೂರು ಗಂಟೆ ಮಲಗಿದರೆ ಹೆಚ್ಚು, ಆದರೂ ಸುಸ್ತೇ ಇಲ್ಲ. ಮಾತು ನಿಲ್ಲುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಾರುತ್ತಾನೆ. ಮೂರು ಅಂಗಡಿ ತೆರೆಯುತ್ತೇನೆ ಎಂದು ಮೊಬೈಲಿನಲ್ಲೇ 80,000 ರೂಪಾಯಿ ಸಾಲ ತೆಗೆದಿದ್ದಾನೆ. ಬೈಕ್ ಓಡಿಸುವ ರೀತಿ ನೋಡಿದರೆ ಎದೆ ಝಲ್ ಎನ್ನುತ್ತದೆ. ಬೇಡ ಎಂದರೆ ರೇಗುತ್ತಾನೆ. ಅಮ್ಮ ಮಾತ್ರ "ಹುಡುಗ ಹುಷಾರಾಗಿದ್ದಾನೆ, ನೀನು ಕಣ್ಣು ಹಾಕಬೇಡ" ಅನ್ನುತ್ತಾರೆ. ನಮ್ಮ ದೊಡ್ಡಪ್ಪನೂ ಹೀಗೇ ಇದ್ದರಂತೆ, ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಬೈಪೋಲಾರ್ (ಒಮ್ಮೆ ಖಿನ್ನತೆ, ಒಮ್ಮೆ ಅತಿಯಾದ ಉತ್ಸಾಹ ಬರುವ ಕಾಯಿಲೆ) ಇರಬಹುದು, ಫೋನಿನಲ್ಲಿ ಹೇಳಲಾಗದು, ಬೇಗ ಮನೋವೈದ್ಯರಿಗೆ ತೋರಿಸಿ ಎಂದರು. ಬೈಪೋಲಾರ್ ಇದ್ದವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವೊಮ್ಮೆ ಹೀಗೆ ಉನ್ಮಾದಕ್ಕೆ ತಿರುಗಬಹುದಂತೆ. ಹಾಗಂತ ನಾವೇ ಮಾತ್ರೆ ನಿಲ್ಲಿಸಲು ಧೈರ್ಯವಿಲ್ಲ. ಇವನೋ, "ನಾನು ಇಷ್ಟು ಚೆನ್ನಾಗಿ ಯಾವತ್ತೂ ಇರಲಿಲ್ಲ" ಎಂದು ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಈ ಉತ್ಸಾಹ ಇಳಿದು ಮತ್ತೆ ಕುಸಿದಾಗ ಜೀವಕ್ಕೇನಾದರೂ ಮಾಡಿಕೊಂಡರೆ ಎಂದು ನನಗೆ ನಿದ್ದೆ ಬರುತ್ತಿಲ್ಲ.

ಮನೆಯಲ್ಲಿ ಇದನ್ನು ಕಂಡವರು ದಯವಿಟ್ಟು ಹೇಳಿ. ಒಪ್ಪದವರನ್ನು ಜಗಳವಿಲ್ಲದೆ ಡಾಕ್ಟರ್ ಹತ್ತಿರ ಹೇಗೆ ಕರೆದುಕೊಂಡು ಹೋದಿರಿ? ಮೊದಲು ನಾನೊಬ್ಬಳೇ ಹೋಗಿ ಎಲ್ಲಾ ಹೇಳಿದರೆ ಅವರು ಕೇಳಿಸಿಕೊಳ್ಳುತ್ತಾರಾ?