ಅಪಾರ್ಟ್‌ಮೆಂಟಿನ ಹಾಲಲ್ಲಿ ಸಾವಿನ ಮಾತು: ಬೇಕೋ, ಬೇಡ್ವೋ?

ಶೈಲಾ_ಮೈಸೂರು: ತಿಂಗಳಿಗೊಂದು ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಹಾಲಲ್ಲಿ ಕೂತು, ಕಾಫಿ ಕುಡೀತಾ ಸಾವಿನ ಬಗ್ಗೆ ಮಾತಾಡೋಣ ಅಂತ ನೋಟಿಸ್ ಅಂಟಿಸಿದ್ದೆ. ಬೆಳಗಾಗೋಷ್ಟರಲ್ಲಿ ಯಾರೋ ಕಿತ್ತಿದ್ರು. ಇದೇನು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಲಂಡನ್ನಿನಲ್ಲಿ 2011ರಲ್ಲಿ ಜಾನ್ ಅಂಡರ್‌ವುಡ್ ಅನ್ನೋರು ತಮ್ಮ ಮನೆಯಲ್ಲೇ ‘ಡೆತ್ ಕೆಫೆ’ ಅಂತ ಶುರು ಮಾಡಿದ್ರು, ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತೆ. ನನಗೆ ಇದು ಯಾಕೆ ಬೇಕಾಯ್ತು ಅಂದ್ರೆ, ಹೋದ ವರ್ಷ ಅಪ್ಪ ಐಸಿಯುನಲ್ಲಿದ್ದಾಗ ಡಾಕ್ಟರು “ವೆಂಟಿಲೇಟರ್ ಹಾಕೋದಾ?” ಅಂತ ಕೇಳಿದ್ರು. ಮೂವರು ಮಕ್ಕಳೂ ಮುಖ ಮುಖ ನೋಡ್ಕೊಂಡ್ವಿ. ಅಪ್ಪನ ಎಲ್‌ಐಸಿ ಪಾಲಿಸಿ ನಂಬರ್ ಗೊತ್ತಿತ್ತು, ಇದೊಂದು ಗೊತ್ತಿರಲಿಲ್ಲ.

ವಿನಯ್_35: ಕಿತ್ತೋರ ಸಂಕಟ ನನಗೆ ಅರ್ಥ ಆಗುತ್ತೆ ಮೇಡಂ. ನಮ್ಮನೇಲಿ 78 ವರ್ಷದ ಅತ್ತೆ ಇದಾರೆ. ಬೆಳಿಗ್ಗೆ ಎದ್ದು ಹಾಲು ತರೋಕೆ ಹೋದ್ರೆ ‘ಸಾವಿನ ಬಗ್ಗೆ ಮಾತಾಡೋಣ ಬನ್ನಿ’ ಅಂತ ಗೋಡೆ ಮೇಲಿದ್ರೆ ಅವರಿಗೆ ಹೇಗನ್ಸುತ್ತೆ?

ಗದಗಿನ ಹುಡುಗ: ಅಕ್ಕಾರ, ಇದಕ್ಕೂ ಲಂಡನ್ ಬೇಕೇನ್ರಿ? ನಮ್ಮೂರಾಗ ಯಾರರ ತೀರಿಕೊಂಡ್ರ ರಾತ್ರಿಯಿಡೀ ಭಜನಿ. ಆ ಮನ್ಯಾಗ ಒಲಿ ಹಚ್ಚೂದಿಲ್ಲ, ಬಾಜೂಮನಿಯವ್ರು ರೊಟ್ಟಿ ಬುತ್ತಿ ತರ್ತಾರ. ಮಣ್ಣಿಗೆ ಹೋಗಾಕ ಯಾರನ್ನೂ ಕರಿಯೂದಿಲ್ಲ, ಸುದ್ದಿ ಮುಟ್ಟಿದವ್ರೆಲ್ಲ ತಾವ ಬರ್ತಾರ. ‘ಮರಣವೇ ಮಹಾನವಮಿ’ ಅಂದ ಶರಣರ ನಾಡಿದು. ಕಾಫಿ ಕಪ್ಪು ಹಿಡ್ಕೊಂಡು ಕಲಿಯೂದೇನೈತಿ?

ನರ್ಸ್ ಅಕ್ಕ: ತಮ್ಮಾ, ನಿಮ್ಮೂರಿನ ಭಜನೆ ಶುರುವಾಗೋದು ಉಸಿರು ನಿಂತ ಮೇಲೆ. ಅದಕ್ಕೂ ಮುಂಚಿನ ಆರು ತಿಂಗಳ ಕಥೆ ಏನು? ನಾನು ಪ್ಯಾಲಿಯೇಟಿವ್ ಕೇರ್ (ವಾಸಿಯಾಗದ ಕಾಯಿಲೆಯವರ ನೋವು ಕಮ್ಮಿ ಮಾಡೋ ಆರೈಕೆ) ನರ್ಸು, ಕ್ಯಾನ್ಸರ್ ಕೊನೇ ಹಂತದವರ ಮನೆಮನೆಗೆ ಹೋಗ್ತೀನಿ. ಬಾಗಿಲಲ್ಲೇ ಮಗ ತಡೀತಾನೆ: “ಸಿಸ್ಟರ್, ಅಮ್ಮನಿಗೆ ಗ್ಯಾಸ್ಟ್ರಿಕ್ ಅಂದಿದೀವಿ, ನೀವೂ ಹಾಗೇ ಹೇಳಿ.” ಒಳಗೆ ಡ್ರೆಸಿಂಗ್ ಮಾಡುವಾಗ ಅಮ್ಮ ಪಿಸುಗುಡ್ತಾರೆ: “ನನಗೆ ಗೊತ್ತಾಗಿದೆ ಅಂತ ಮಕ್ಕಳಿಗೆ ಹೇಳ್ಬೇಡಮ್ಮ.” ಒಡವೆ ಯಾರಿಗೆ, ಯಾರನ್ನ ಒಂದ್ಸಲ ನೋಡ್ಬೇಕು, ಎಲ್ಲಾ ಗಂಟಲಲ್ಲೇ ಉಳಿಯುತ್ತೆ.

ಬೆಂಗಳೂರಿನ ಕರುಣಾಶ್ರಯ 1999ರಿಂದ ಇಂಥವರನ್ನ ಒಂದು ಪೈಸೆ ತಗೊಳ್ದೆ ನೋಡ್ಕೊಳ್ತಿದೆ. ಆದರೆ ಅಂಥ ಜಾಗ ಎಷ್ಟಿವೆ? ಕೇರಳದಲ್ಲಿ ದಾರಿ ಬೇರೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾಕ್ಟರುಗಳು ಶುರು ಮಾಡಿದ ಈ ಆರೈಕೇನ ಆಮೇಲೆ ಊರಿನ ಜನರೇ ಕೈಗೆತ್ತಿಕೊಂಡ್ರು. ಅಂಗಡಿಯವರು, ಕಾಲೇಜು ಹುಡುಗರು ತರಬೇತಿ ತಗೊಂಡು ಹಾಸಿಗೆ ಹಿಡಿದವರ ಮನೆಗೆ ಹೋಗ್ತಾರೆ.

ಗದಗಿನ ಹುಡುಗ: ಮುಂಚಿನ ಆರು ತಿಂಗಳದ್ದು ಖರೇನ ರೀ ಅಕ್ಕಾರ. ನಮ್ಮ ಕಾಕಾಗ ನಾವೂ ‘ಅಲ್ಸರ್’ ಅಂದಿದ್ವಿ.

ಹೊನ್ನಾವರದ ವಕೀಲ: ಶೈಲಾ ಅವರೇ, ನಿಮ್ಮ ವೆಂಟಿಲೇಟರ್ ಪ್ರಶ್ನೆಗೆ ನಮ್ಮ ಹಳದೀಪುರದ ಅರುಣಾ ಶಾನಭಾಗರ ನೆನಪಾಗುತ್ತೆ. ಮುಂಬೈಯಲ್ಲಿ ನರ್ಸಾಗಿದ್ದರು. 1973ರ ನವೆಂಬರಿನಲ್ಲಿ ನಡೆದ ಹಲ್ಲೆಯ ನಂತರ 2015ರ ಮೇವರೆಗೆ, 41 ವರ್ಷ ಮೀರಿ ಹಾಸಿಗೆಯಲ್ಲೇ. 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವರ ಪರ ಒಬ್ಬರು ‘ಸಾಯಲು ಬಿಟ್ಟುಬಿಡಿ’ ಅಂದರು, ವರ್ಷಗಟ್ಟಲೆ ಆರೈಕೆ ಮಾಡಿದ ನರ್ಸುಗಳು ‘ಕೂಡದು’ ಅಂದರು. ಅರುಣಾಗೇ ಏನು ಬೇಕಿತ್ತು ಅಂತ ಹೇಳುವವರಿಲ್ಲ. ಅರ್ಜಿ ವಜಾ ಆಯ್ತು, ಆದರೆ ಚೇತರಿಸಿಕೊಳ್ಳದವರ ಚಿಕಿತ್ಸೆ ನಿಲ್ಲಿಸುವುದಕ್ಕೆ ಬಾಗಿಲು ಅಷ್ಟು ತೆರೆಯಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಲಿವಿಂಗ್ ವಿಲ್‌ಗೆ, ಅಂದರೆ ಕೊನೇ ಹಂತದಲ್ಲಿ ಎಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಕಾಗದಕ್ಕೆ, ಮಾನ್ಯತೆ ಕೊಟ್ಟಿತು. 2023ರಿಂದ ಅದನ್ನು ಮಾಡಿಸೋಕೆ ಮ್ಯಾಜಿಸ್ಟ್ರೇಟರ ಹತ್ತಿರ ಅಲೆಯಬೇಕಿಲ್ಲ. ಇಬ್ಬರು ಸಾಕ್ಷಿ, ಒಬ್ಬ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ ಸಾಕು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಇದರ ಸುತ್ತೋಲೆ ಹೊರಡಿಸಿದೆ.

ಗದಗಿನ ಹುಡುಗ: ವಕೀಲ್ರ, ಹೊಲದ ಆಸೇಕ ಮಕ್ಕಳು ಅಪ್ಪನ ಕಡೆ ಸಹಿ ಮಾಡಿಸಿಕೊಂಡ್ರ?

ಹೊನ್ನಾವರದ ವಕೀಲ: ಬರೇ ಕಾಗದ ನೋಡಿ ಯಾರೂ ಮೆಷಿನ್ ತೆಗೆಯೋದಿಲ್ಲ. ಮೊದಲು ಒಂದು ವೈದ್ಯರ ಮಂಡಳಿ, ಆಮೇಲೆ ಇನ್ನೊಂದು, ಎರಡೂ ಒಪ್ಪಬೇಕು. ಬರೆದವರು ಯಾವಾಗ ಬೇಕಾದರೂ ಲಿಖಿತವಾಗಿ ರದ್ದು ಮಾಡಬಹುದು. ಇಂಜೆಕ್ಷನ್ ಕೊಟ್ಟು ಸಾಯಿಸೋದಕ್ಕಂತೂ ನಮ್ಮ ಕಾನೂನಿನಲ್ಲಿ ಜಾಗವೇ ಇಲ್ಲ.

ವಿನಯ್_35: ಕಾನೂನು ಸರಿ ಸಾರ್. ಆದ್ರೆ ನಾನು, ಅಂದ್ರೆ ಅಳಿಯ, ಹೋಗಿ “ಅತ್ತೆ, ಇದಕ್ಕೊಂದು ಸಹಿ ಹಾಕಿ” ಅಂದ್ರೆ ಅವರಿಗೆ ಕೇಳ್ಸೋದು ‘ಯಾವಾಗ ಹೋಗ್ತೀರಿ’ ಅಂತಲೇ. ಅದಕ್ಕೇನು ಮಾಡ್ತೀರಿ?

ನಿವೃತ್ತ ಮೇಷ್ಟ್ರು: ವಿನಯ್ ಅವರೇ, ನಾನು ನಿಮ್ಮತ್ತೆಯವರ ವಯಸ್ಸಿನವನು. ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಐದು ಜನ ದಿನಾ ಮಾತಾಡೋದೇನು ಗೊತ್ತೆ? ಶುಗರ್ರು, ಪೆನ್ಷನ್ನು, ಅನಾಯಾಸ ಮರಣ. ಇದೇ ಕ್ರಮದಲ್ಲಿ. ಮನೆಗೆ ಬಂದು ಬಾಯಿ ತೆಗೆದರೆ ಮಗ “ಬಿಡ್ತು ಅನ್ನಿ ಅಪ್ಪ” ಅಂತ ಟಿವಿ ಸೌಂಡು ಜಾಸ್ತಿ ಮಾಡುತ್ತಾನೆ.

ಇನ್ನೊಂದು. ನಮ್ಮವಳು ಹೋಗಿ ಮೂರು ವರ್ಷ. ವೈಕುಂಠ ಸಮಾರಾಧನೆಯವರೆಗೆ ಮನೆ ತುಂಬ ಜನ. ಅದಾದ ಮೇಲೆ ನನ್ನೆದುರು ಅವಳ ಹೆಸರೆತ್ತಿದವರಿಲ್ಲ. ನನಗೆ ನೋವಾದೀತು ಅಂತ. ಸೊಸೆ ಹಾಗಲಕಾಯಿ ಗೊಜ್ಜು ಮಾಡುವುದನ್ನೇ ಬಿಟ್ಟಳು, ಅವಳ ಕೈರುಚಿ ನೆನಪಾಗುತ್ತೆ ಅಂತ. ನೆನಪಾಗಲಿ ಅಂತಲೇ ತಾನೆ ನಾನು ಕಾಯುವುದು!

ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಅಳಿಯನ ಬಾಯಲ್ಲಿ ಬಂದರೆ ಅದಕ್ಕೆ ಬೇರೆ ಅರ್ಥ ಬರುತ್ತೆ, ಪಕ್ಕದ ಮನೆಯವರ ಬಾಯಲ್ಲಿ ಬಂದರೆ ಬರೋದಿಲ್ಲ. ಅಪಾರ್ಟ್‌ಮೆಂಟಿನ ಹಾಲ್ ಬೇಕಾಗಿರುವುದು ಅದಕ್ಕೇ.

ವಿನಯ್_35: ಪೂರ್ತಿ ಒಪ್ಪಲಾರೆ ಸಾರ್. ಅತ್ತೇನ ನಾನಂತೂ ಬನ್ನಿ ಅಂತ ಕರೆಯಲ್ಲ. ತಾವಾಗೇ ಹೊರಟ್ರೆ ತಡೆಯಲ್ಲ.

ಗದಗಿನ ಹುಡುಗ: ಶೈಲಕ್ಕಾರ, ಆ ನೋಟಿಸ್ ಎಲ್ಲಿ ಹಚ್ಚಿದ್ರಿ?

ಶೈಲಾ_ಮೈಸೂರು: ಲಿಫ್ಟ್ ಒಳಗೆ.

ಗದಗಿನ ಹುಡುಗ: ಅಯ್ಯ ಶಿವನೇ! ಬಾಗಲಾ ಮುಚ್ಚಿ ಮ್ಯಾಲೆ ಹೊಂಟಾಗ ‘ಸಾವು’ ಅಂತ ಓದಿದ್ರ ಯಾರ ಎದಿ ಧಸ್ ಅನ್ನೂದಿಲ್ರಿ?

ಶೈಲಾ_ಮೈಸೂರು: 😀 ಸರಿ, ಈ ಸಲ ಸೆಕ್ಯೂರಿಟಿ ಟೇಬಲ್ ಹತ್ತಿರ, ನೀರಿನ ಟ್ಯಾಂಕರ್ ಲೆಕ್ಕದ ಪಕ್ಕ. ಮೇಷ್ಟ್ರೇ, ನೀವು ಮೈಸೂರಿನವರಾ? ಗೊಜ್ಜು ನಾನು ತರ್ತೀನಿ.